ಹಾಲ್ ಟಿಕೆಟ್ ಇಲ್ಲದ ಪರೀಕ್ಷಾರ್ಥಿಗಳು

ಜನವರಿಯಲ್ಲೇ ನಮ್ಮ ಮನೆಯ ಟಿವಿಗೆ ಹಳೇ ಪಂಚೆ ಹೊದಿಸಲಾಯಿತು. ಮಗಳಿಗೆ ಎಸ್ಸೆಸ್ಸೆಲ್ಸಿ. ಕುಕ್ಕರ್ ಕೂಗಿದರೆ ಹೆಂಡತಿ ಓಡಿಹೋಗಿ ಅದರ ಬಾಯಿ ಮುಚ್ಚಿಸುತ್ತಿದ್ದಳು. ಮದುವೆ, ಮುಂಜಿ, ಗೃಹಪ್ರವೇಶ ಯಾವುದಕ್ಕೆ ಕರೆದರೂ ‘ಮಗಳ ಪರೀಕ್ಷೆ’ ಎಂಬ ಒಂದೇ ಉತ್ತರ. (ಒಂದಷ್ಟು ಮುಯ್ಯಿ ಉಳಿಯಿತು ಅನ್ನಿ.)

ಹುಡುಗಿಗೆ ಮಾತ್ರ ಯಾವ ಆತಂಕವೂ ಇದ್ದಂತಿರಲಿಲ್ಲ. ಖಾರಮಂಡಕ್ಕಿ ಮೆಲ್ಲುತ್ತಾ ತ್ರಿಕೋನಮಿತಿ ಬಿಡಿಸುತ್ತಿದ್ದಳು. ರಾತ್ರಿ ಎರಡಕ್ಕೆದ್ದು ಹಾಲ್ ಟಿಕೆಟ್ ಇಟ್ಟಲ್ಲೇ ಇದೆಯೇ ಎಂದು ತಡಕುತ್ತಿದ್ದವನು ನಾನು. ಅತ್ತೆ ಊರಿನಿಂದ ಒಂದೆಲಗ ಹೊತ್ತು ತಂದರು. ಜ್ಞಾಪಕಶಕ್ತಿಗೆ ಒಳ್ಳೆಯದೆಂದು ಮನೆಮಂದಿಗೆಲ್ಲ ದಿನವೂ ಅದರದೇ ತಂಬುಳಿ. ಮಗಳ ವಿಷಯ ಗೊತ್ತಿಲ್ಲ, ಹೆಂಡತಿಗೆ ಮಾತ್ರ ನಮ್ಮ ಹಳೇ ಜಗಳಗಳೆಲ್ಲ ತಾರೀಕು ಸಮೇತ ನೆನಪಾಗತೊಡಗಿದವು.

ಹೆದರಿಕೆಯ ವಿಷಯಕ್ಕೆ ಬಂದರೆ, ಯರ್ಕೀಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು 1908ರಲ್ಲೇ ಇಲಿಗಳಿಗೆ ಕರೆಂಟು ಮುಟ್ಟಿಸಿ ನೋಡಿದ್ದರು. ಕಷ್ಟದ ಪಾಠವಾದರೆ ಹದವಾದ ಶಾಕ್ ಕಲಿಕೆಗೆ ಅನುಕೂಲ, ಅತಿಯಾದರೆ ಇಲಿ ಕಂಗಾಲು. ಸ್ವಲ್ಪ ಹೆದರಿಕೆ ಒಳ್ಳೆಯದೇ ಎಂದು ಮೇಷ್ಟರುಗಳು ಹೇಳುವುದು ಈ ಬಲದ ಮೇಲೆಯೇ. ಆದರೆ ಆ ಮಹನೀಯರು ಇಲಿಗಳ ಅಪ್ಪಂದಿರನ್ನು ಪರೀಕ್ಷಿಸಿದಂತಿಲ್ಲ.

ಮಕ್ಕಳ ಭಯ ಇಳಿಯಲೆಂದು ಸರ್ಕಾರವೂ 2024ರಲ್ಲಿ ಪರೀಕ್ಷೆ-1, 2, 3 ಎಂದು ಮೂರು ಅವಕಾಶ ಕೊಟ್ಟಿತ್ತು. ಇದನ್ನು ಹೇಳಿ ಹೆಂಡತಿಗೆ ಸಮಾಧಾನ ಮಾಡಹೋದೆ. ‘ಅಂದ್ರೆ ಮೂರು ಸಲ ಹೆದರ್ಬೇಕಾ?’ ಎಂದಳು.

ಮೊದಲ ದಿನ ಮೊಸರು ಸಕ್ಕರೆ ತಿಂದು ಮೂವರೂ ಹೊರಟೆವು. ಹಾಲ್ ಟಿಕೆಟ್ ತೋರಿಸಿದ ಮಗಳಿಗೆ ಬಸ್ಸು ಪುಕ್ಕಟೆ, ಶಕ್ತಿ ಯೋಜನೆಯಲ್ಲಿ ಹೆಂಡತಿಗೂ ಪುಕ್ಕಟೆ. ದುಡ್ಡು ಕೊಟ್ಟು ಹೆದರಲು ಹೋದವನು ನಾನೊಬ್ಬನೇ. ಗೇಟು ಹಾಕಿದ ಮೇಲೆ ನೋಡುತ್ತೇನೆ, ಹೊರಗೆ ನನ್ನಂಥವರದೇ ಜಾತ್ರೆ. ಒಳಗೆ ಮಕ್ಕಳಿಗೆ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ನಮಗೆ ಆ ಸೌಲಭ್ಯವಿಲ್ಲ, ಪತ್ರಿಕೆ ಕಾಣದೆಯೇ ಹೆದರಬೇಕು. ಒಬ್ಬರು ಸ್ಕೂಟರಿನ ಡಿಕ್ಕಿಯಿಂದ ನೀಲಿ ಪೆನ್ನು, ಕಪ್ಪು ಪೆನ್ನು, ಹೊಸ ಜಾಮಿಟ್ರಿ ಬಾಕ್ಸು ತೆಗೆದು ಕಾಂಪೌಂಡಿನ ಮೇಲೆ ಸಾಲಾಗಿ ಜೋಡಿಸಿದರು. ‘ಮಗ ಕೇಳಿದ್ರೆ ಬೇಕಾಗುತ್ತೆ’ ಎಂದರು. ಅವತ್ತು ಇದ್ದದ್ದು ಕನ್ನಡ. ಒಳಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಎಂದು ಮಕ್ಕಳ ಮೇಲೆ ಅಷ್ಟೆಲ್ಲ ಕಣ್ಣಿಟ್ಟವರು ಹೊರಗಿನ ನಮ್ಮನ್ನು ಬಿಟ್ಟದ್ದು ಪುಣ್ಯ.

ಮಗಳು ಹೊರಬಂದಳು. ನಾನು ‘ಹೇಗಿತ್ತಮ್ಮಾ?’ ಎನ್ನುವಷ್ಟರಲ್ಲಿ ‘ಗೋಬಿ ಕೊಡಿಸು’ ಎಂದಳು. ತಿಂದು ಕೈ ಒರೆಸಿಕೊಂಡು, ‘ಅಪ್ಪಾ, ಗಣಿತದ ದಿನ ನೀನು ಗೇಟ್ ಹತ್ರ ಬರ್ಬೇಡ. ನಿನ್ನ ಮುಖ ನೋಡಿದ್ರೆ ನಂಗೆ ಟೆನ್ಷನ್ ಆಗುತ್ತೆ’ ಅಂದಳು.

ಗಣಿತದ ದಿನ ಗೇಟಿನ ಹತ್ತಿರ ಹೋಗಲಿಲ್ಲ. ಎದುರಿನ ಬೇಕರಿಯಲ್ಲಿ ನಿಂತೆ. ಜಾಮಿಟ್ರಿ ಬಾಕ್ಸಿನವರು ಅಲ್ಲಿಗೆ ಮೊದಲೇ ಬಂದಿದ್ದರು, ಅವರನ್ನೂ ಮಗ ಗಡೀಪಾರು ಮಾಡಿದ್ದನಂತೆ. ಬೈಟೂ ಟೀ ಹೇಳಿದೆವು. ಥೇಲ್ಸನ ಪ್ರಮೇಯ ಬಂದೇ ಬರುತ್ತದೆ ಎಂದರು. ಬಿಸ್ಕತ್ತಿನ ಪೊಟ್ಟಣದ ಮೇಲೆ ತ್ರಿಭುಜ ಬರೆದು ಪೂರ್ತಿ ಸಾಧಿಸಿಯೂ ತೋರಿಸಿದರು. ನನಗೆ ಎರಡನೇ ಸಾಲಿಗೇ ಕೈಕಾಲು ತಣ್ಣಗಾಗಿ, ಪಕ್ಕದವರು ಬರೆದದ್ದನ್ನು ಮೆಲ್ಲಗೆ ಕಾಪಿ ಮಾಡಿಕೊಂಡೆ.