ವೈಫೈಗೆ ಆಲೂಗಡ್ಡೆ ಅಡ್ಡ

ಏನಣ್ಣಾ, ಬೆಳಗ್ಗೆಯಿಂದ ನಿಮ್ಮನೇಲಿ ‘ನೆಟ್ಟಿಲ್ಲ, ನೆಟ್ಟಿಲ್ಲ’ ಅಂತ ಪಾರಾಯಣ? ಬೇಲಿ ಈಚೆ ಹುರುಳಿ ಕೇರ್ತಾ ಕೂತ ನನಗೇ ಬಾಯಿಪಾಠ ಆಗೋಯ್ತು.

ನೆಟ್ಟಿಲ್ಲ ಅಂದ್ರೆ ಏನಿಲ್ಲ, ಅದನ್ನ ಮೊದ್ಲು ಹೇಳಿ. ಕಂಬದಿಂದ ಮನೆಗೆ ಬರೋ ವೈರು ಬೇರೆ, ಗೋಡೆಗೆ ಹೊಡೆದಿರೋ ಡಬ್ಬಿ ಬೇರೆ, ಡಬ್ಬಿಯಿಂದ ಕಂಪ್ಯೂಟರ್ ತನಕ ಗಾಳೀಲಿ ಹೋಗೋ ವೈಫೈ ಬೇರೆ. ನೀವು ಮೂರಕ್ಕೂ ಸೇರಿಸಿ ಒಂದೇ ಬೈಗುಳ ಬೈತೀರಿ. ಕೇಬಲ್ ಹುಡುಗನ ಮೇಲೆ ರೇಗೋಕೆ ಮುಂಚೆ ಡಬ್ಬಿ ಮುಂದೆ ನಿಂತು ನೋಡಿ. ಎಲ್‌ಓಎಸ್ ಅಂತ ಬರೆದಿರೋ ಕಡೆ ಕೆಂಪು ದೀಪ ಮಿಣುಕ್ತಿದ್ರೆ ಫೈಬರ್ ಎಲ್ಲೋ ಕೈಕೊಟ್ಟಿದೆ, ಅವನೇ ಬರಬೇಕು. ಕೆಂಪಿಲ್ಲ, ಸೊಸೆ ಮೊಬೈಲಲ್ಲಿ ಅದೇ ವೈಫೈಲಿ ಧಾರಾವಾಹಿ ಓಡ್ತಿದೆ ಅಂದ್ರೆ ಲೈನು ಸರಿಯಾಗೇ ಇದೆ. ಕಿರಿಕ್ಕು ಕಂಪ್ಯೂಟರ್‌ದೋ, ನಡುವಿನ ಗಾಳೀದೋ.

ಯುಗಾದಿ ಟೈಮಲ್ಲಿ ಏನಾಗಿತ್ತು ಹೇಳಿ? ಪರದೆ ಮೂಲೇಲಿ ಪುಟ್ಟ ವಿಮಾನದ ಚಿತ್ರ. ಧೂಳು ಒರೆಸೋವಾಗ ಯಾರೋ ಗುಂಡಿ ಒತ್ತಿದ್ರು. ಬೂವನಹಳ್ಳಿ ವಿಮಾನ ನಿಲ್ದಾಣ, ಬೂವನಹಳ್ಳಿ ವಿಮಾನ ನಿಲ್ದಾಣ ಅಂತ ಊರೆಲ್ಲ ಕಾಯ್ತಾ ಕೂತಿದ್ರೆ, ನಿಮ್ಮನೆ ಲ್ಯಾಪ್‌ಟಾಪಿಗೆ ಆಗ್ಲೇ ಏರೋಪ್ಲೇನ್ ಮೋಡ್ ಬಂದುಬಿಟ್ಟಿತ್ತು! ಅದೇ ಗುಂಡಿ ಇನ್ನೊಂದ್ಸಲ ಒತ್ತಿದ್ರೆ ಮುಗೀತು. ನೀವು ಅದನ್ನ ಹೊತ್ಕೊಂಡು ರಿಪೇರಿಗೆ ಹಾಸನದ ಬಸ್ಸು ಹತ್ತೋದ್ರಲ್ಲಿದ್ರಿ.

ಈಗ ಏನಂತೆ? ಜಗುಲೀಲಿ ಬರುತ್ತೆ, ಒಳಕೋಣೇಲಿ ಬರಲ್ವಾ? ಹಾಂ, ಹಾಗೆ ಬನ್ನಿ ದಾರಿಗೆ. ಡಬ್ಬಿಗೂ ಕೋಣೆಗೂ ನಡುವೆ ಏನು ಪೇರಿಸಿದೀರಿ? ಬಿತ್ತನೆ ಆಲೂಗಡ್ಡೆ ಮೂಟೆ! ಅದೂ ಎದೆಯೆತ್ತರ.

ನಗ್ಬೇಡಿ ಅಣ್ಣಾ. ಬೋಯಿಂಗ್ ಅಂತ ವಿಮಾನ ಮಾಡೋ ಕಂಪನಿ ಇದೆಯಲ್ಲ, ಅವರು ವಿಮಾನದೊಳಗೆ ವೈಫೈ ಪರೀಕ್ಷೆ ಮಾಡೋಕೆ ಸೀಟುಗಳ ಮೇಲೆ ಆಲೂಗಡ್ಡೆ ಮೂಟೆ ಕೂರಿಸಿದ್ರು. ಸುಮಾರು 9,000 ಕೆ.ಜಿ.! 2012ರಲ್ಲಿ ಲೋಕಕ್ಕೆಲ್ಲ ಸುದ್ದಿ ಆಗಿತ್ತು. ಮನುಷ್ಯರ ಮೈ ಅಲೆಗಳನ್ನ ಹೇಗೆ ಹೀರುತ್ತೋ, ತಡೆಯುತ್ತೋ, ಆಲೂಗಡ್ಡೇನೂ ಹೆಚ್ಚುಕಮ್ಮಿ ಹಾಗೇ ಮಾಡುತ್ತೆ. ನೂರಕ್ಕೆ 80 ಪಾಲು ನೀರೇ ಅಲ್ವಾ ಅದು. ಜನಾನ ದಿನಗಟ್ಟಲೆ ಅಲುಗಾಡದೆ ಕೂರಿಸೋಕಾಗುತ್ತಾ? ಗಡ್ಡೆಯಾದ್ರೆ ಕಾಫಿ ಕೇಳಲ್ಲ. ನಿಮ್ಮ ವೈಫೈ ಲೆಕ್ಕದಲ್ಲಿ ಈಗ ಪಡಸಾಲೆ ತುಂಬ ನೆಂಟರು ಕೂತಿದಾರೆ.

ಅದರ ಮೇಲೆ ಹಳೇ ಮನೆ, ಮೊಳದಗಲ ಮಣ್ಣಿನ ಗೋಡೆ. ಗೋಡೆಗೆ ಒತ್ತಿ ಕಬ್ಬಿಣದ ಬೀರು. ಕಬ್ಬಿಣ ಬಂದ ಅಲೆನ ಬಂದ ಕಡೆಗೇ ತಳ್ಳುತ್ತೆ.

ಹಾಸನದ ಸಾಲಗಾಮೆ ರಸ್ತೆ ಇಸ್ರೋದವರು 1982ರಿಂದ 36,000 ಕಿ.ಮೀ. ಮೇಲಿರೋ ಉಪಗ್ರಹಗಳನ್ನ ಇಲ್ಲಿಂದ್ಲೇ ಆಡಿಸ್ತಾರೆ, ನಮಗೆ ಒಂದು ಗೋಡೆ ದಾಟೋಕಾಗಲ್ವಾ ಅಂತೀರಿ. ಅವರದ್ದು ಆಳೆತ್ತರ ಮೀರಿದ ತಟ್ಟೆ ಆಂಟೆನಾ, ನೆಟ್ಟಗೆ ಆಕಾಶಕ್ಕೆ ಮುಖ, ನಡುವೆ ಗೋಡೇನೂ ಇಲ್ಲ, ಗಡ್ಡೇನೂ ಇಲ್ಲ. ನಿಮ್ಮ ಡಬ್ಬಿ ಬಿಡೋದು ಸಾಮಾನ್ಯವಾಗಿ ಒಂದು ವಾಟ್‌ಗೂ ಕಮ್ಮಿ ಶಕ್ತಿ.

ಮೂಟೆ ಸರಿಸೋಕಾಗದಿದ್ರೆ ಡಬ್ಬೀನೇ ಮೇಲಕ್ಕೆ ಕಟ್ಟಿಸಿ, ಅಟ್ಟದ ಮಟ್ಟಕ್ಕೆ. ವೈಫೈ ಪಟ್ಟೀಲಿ ನಿಮ್ಮ ಹೆಸರು ಎರಡು ಸಲ ಕಾಣುತ್ತಲ್ಲ, 5ಜಿ ಅಂತ ಬಾಲ ಇರೋದು ವೇಗದಲ್ಲಿ ಶೂರ, ಗೋಡೆ ಕಂಡ್ರೆ ಸೋಮಾರಿ. ಒಳಕೋಣೆಗೆ ಬಾಲ ಇಲ್ಲದ 2.4 ಗಿಗಾಹರ್ಟ್ಸ್‌ದನ್ನೇ ಹಿಡೀರಿ. ಆವಾಗ ಸೊಸೆ ಮೈಕ್ರೋವೇವ್ ಹಾಕಿದ್ರೆ ಮಾತ್ರ ಸ್ವಲ್ಪ ತಡವರಿಸಬಹುದು, ಅದರ ಗಲಾಟೇನೂ ಅದೇ 2.4ರ ಆಸುಪಾಸಲ್ಲೇ. ವೈಫೈ ಸಿಕ್ಕಿಯೂ ಪುಟ ತೆರೀದೆ ‘ಸುರಕ್ಷಿತವಲ್ಲ’ ಅಂತ ಹಟ ಮಾಡಿದ್ರೆ ಕಂಪ್ಯೂಟರ್‌ನ ತಾರೀಕು ನೋಡಿ. ಒಳಗಿನ ಗುಂಡು ಸೆಲ್ಲು ಸತ್ತಿದ್ರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತೆ.

ಏನು? ಮಳೆ ಬಿದ್ದು ಹೊಲ ಹದ ಆಗೋ ತನಕ ಮೂಟೆ ಅಲ್ಲೇ ಇರುತ್ತಾ? ಹಾಗಾದ್ರೆ ಲ್ಯಾಪ್‌ಟಾಪ್ ಜಗುಲಿಗೆ ತನ್ನಿ. ಅರ್ಜಿ ತುಂಬೋಕೆ ಕೋಣೆ ಬಾಗಿಲು ಯಾಕೆ ಹಾಕ್ಕೋಬೇಕು? ಹಾಗೇ ಆ ಮೂಟೆ ಬಿಚ್ಚಿ ಕೊಳೆತಿದ್ದನ್ನ ಆರಿಸಿಬಿಡಿ ಅಣ್ಣಾ. ನಿಮ್ಮ ವೈಫೈ ಕೋಣೆ ದಾಟಲ್ಲ ಸರಿ, ಈ ವಾಸನೆ ನಿನ್ನೆಯಿಂದ ಬೇಲಿ ದಾಟಿ ನಮ್ಮ ಅಡುಗೆಮನೆ ತನಕ ಬರ್ತಿದೆ.