ಮೇಷ್ಟ್ರಿಗೂ ಹೋಂವರ್ಕು

ಜೀವನವಿಡೀ ಮಕ್ಕಳ ನೋಟ್‌ಬುಕ್ಕಿನ ಮೇಲೆ ಕೆಂಪು ಇಂಕು ಸುರಿದ ಮೇಷ್ಟ್ರು ತಾವೇ ಹೋಂವರ್ಕು ಬರೆಯಲು ಕೂತರೆ ಆ ಸೊಗಸೇ ಬೇರೆ. ನಮ್ಮ ಗಣಿತದ ಮೇಷ್ಟ್ರು ಡಿಜಿಟಲ್ ಕಲಿಕೆಯಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದ ದಿನದಿಂದ ಸ್ಟಾಫ್ ರೂಮಿನಲ್ಲಿ ನಮಗೆಲ್ಲ ಪುಕ್ಕಟೆ ಮನರಂಜನೆ. ಸೇರಿದ ಸುದ್ದಿ ಹೊರಬಿದ್ದಾಗ ಹಿಂದಿ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ: "ಇಂಕ್ರಿಮೆಂಟ್ ಏನಾದ್ರೂ ಇದೆಯಾ ಸಾರ್?" ಇಲ್ಲವೆಂದು ತಿಳಿದ ಮೇಲೆ ಎರಡನೆಯದು: "ಮತ್ತೆ ಯಾಕೆ?" ಮನೆಯಲ್ಲಿ ಅವರ ಹೆಂಡತಿಯದು ಇನ್ನೊಂದು ದೂರು. ಮಗನಿಗೆ ಪಿಯುಸಿ, ಅಪ್ಪನಿಗೆ ಸೆಮಿಸ್ಟರು, ಟೀವಿ ಹಾಕುವ ಹಾಗೇ ಇಲ್ಲ.

ಮೊದಲ ಪಾಠ ಸಿಲಬಸ್ಸಿನಲ್ಲಿ ಇರಲೇ ಇಲ್ಲ. "ಕರೆಂಟ್ ಹೋಗಿತ್ತು ಸಾರ್" ಎಂದ ಒಬ್ಬ ಹುಡುಗನನ್ನೂ ಈ ಪುಣ್ಯಾತ್ಮರು ಎಂದೂ ನಂಬಿದವರಲ್ಲ. ಈಗ ಅದೇ ಮಾತನ್ನು ಚೆಂದದ ಇಂಗ್ಲಿಷಿನಲ್ಲಿ ಅದ್ದಿ ತಮ್ಮ ಪ್ರೊಫೆಸರಿಗೆ ಇಮೇಲ್ ಮಾಡುವ ಯೋಗ ಬಂತು. ಪ್ರೊಫೆಸರಾದರೂ ಮನುಷ್ಯರು, ಕನಿಕರ ಇದ್ದೀತು; ಅಸೈನ್‌ಮೆಂಟ್ ತೆಗೆದುಕೊಳ್ಳುವ ಪೋರ್ಟಲ್ಲಿಗೆ ಅದೂ ಇಲ್ಲ. ರಾತ್ರಿ 11.59 ದಾಟಿತೋ, ಸಬ್ಮಿಟ್ ಬಟನ್ನು ಮುಖ ತಿರುಗಿಸಿತು. ಮಾರನೆಯ ದಿನ ಒಂಬತ್ತನೇ ಕ್ಲಾಸಿನಲ್ಲಿ ಹೋಂವರ್ಕು ತರದವನೊಬ್ಬನಿಗೆ ಮೇಷ್ಟ್ರು "ಪರವಾಗಿಲ್ಲ, ನಾಳೆ ತಾರಪ್ಪ" ಅಂದರಂತೆ. ಸಾರ್‌ಗೆ ಜ್ವರ ಬಂದಿದೆ ಅಂತ ಇಡೀ ಕ್ಲಾಸು ನಮ್ಮ ಹತ್ತಿರ ಬಂದು ಹೇಳಿತು.

ಆಮೇಲೆ ನಿಜವಾದ ಜ್ವರವೇ ಬಂತು, ಆ್ಯಪ್‌ಗಳದ್ದು. ಎಲ್ಲದಕ್ಕೂ ಕ್ವಿಜ್ಜು, ಎಲ್ಲ ಕ್ವಿಜ್ಜಿಗೂ ಒಂದು ಕ್ಯುಆರ್ ಕೋಡು. ಕೇಂದ್ರ ಸರ್ಕಾರ 2017ರಲ್ಲಿ ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆ ತೆರೆದ ಮೇಲೆ ಪಠ್ಯಪುಸ್ತಕದ ಪಾಠಗಳಿಗೇ ಕ್ಯುಆರ್ ಕೋಡ್ ಬಂದಿದೆ. ನಮ್ಮವರು ಕ್ಲಾಸಿನ ಗೋಡೆ, ಬಾಗಿಲು, ಕಾರಿಡಾರಿನ ಕಂಬ ಒಂದನ್ನೂ ಬಿಡಲಿಲ್ಲ. ಬಿಸಿಯೂಟದ ಕೋಣೆಯ ಬಾಗಿಲಿಗೂ ಅಂಟಿಸಿದಾಗ ಅಡುಗೆಯಮ್ಮ ಕೇಳಿದರು: "ಇದಕ್ಕೆ ದುಡ್ಡು ಹಾಕಿದ್ರೆ ಯಾರ ಅಕೌಂಟಿಗೆ ಹೋಗುತ್ತೆ ಸಾರ್?"

ಜ್ವರ ಇಳಿದದ್ದು ಎರಡನೇ ಸೆಮಿಸ್ಟರಿನಲ್ಲಿ, ಸಿದ್ಧಾಂತದ ಕಷಾಯ ಕುಡಿದ ಮೇಲೆ. ರಿಚರ್ಡ್ ಮೇಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮಲ್ಟಿಮೀಡಿಯಾ ಪಾಠಗಳ ಮೇಲೆ ಪ್ರಯೋಗದ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಸೂತ್ರಗಳಲ್ಲಿ ಒಂದು ಹೀಗಿದೆ: ಚಿತ್ರ ತೋರಿಸಿ ಬಾಯಲ್ಲಿ ವಿವರಿಸುತ್ತಿರುವಾಗ ಅದೇ ಮಾತುಗಳನ್ನು ಪರದೆಯ ಮೇಲೂ ತುಂಬಿದರೆ ಕಲಿಕೆಗೆ ಸಹಾಯವಲ್ಲ, ಅಡ್ಡಿ. ಇದನ್ನು ಮೇಷ್ಟ್ರಿಗೆ ಕಲಿಸಿದ ಪ್ರೊಫೆಸರು ನಲವತ್ತು ಸ್ಲೈಡುಗಳನ್ನು ಒಂದಕ್ಷರ ಬಿಡದೆ ಓದಿ ಹೇಳಿದರಂತೆ! ಸೂತ್ರ ಮನದಟ್ಟಾಗಲು ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಇನ್ನೇನು ಬೇಕು.

ಕಷಾಯದ ಇನ್ನೊಂದು ಗುಟುಕು ಇತಿಹಾಸದ್ದು. 1913ರಲ್ಲಿ ಥಾಮಸ್ ಎಡಿಸನ್, ಇನ್ನು ಶಾಲೆಗಳಲ್ಲಿ ಪುಸ್ತಕದ ಕಾಲ ಮುಗಿಯಿತು, ಎಲ್ಲವನ್ನೂ ಸಿನಿಮಾದಿಂದಲೇ ಕಲಿಸಬಹುದು ಅಂತ ಭವಿಷ್ಯ ನುಡಿದಿದ್ದ. ಪುಸ್ತಕ ಇಂದಿಗೂ ಬ್ಯಾಗಿನಲ್ಲಿದೆ, ಬ್ಯಾಗು ಮಗುವಿನ ಬೆನ್ನ ಮೇಲಿದೆ. ಆಮೇಲೆ ರೇಡಿಯೊ ಬಂತು, ಟೀವಿ ಬಂತು. 2004ರ ಸೆಪ್ಟೆಂಬರಿನಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿ, ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಆಕಾಶದಿಂದಲೇ ಪಾಠ ಇಳಿಸಿತು. ಪ್ರತಿ ಸಲವೂ ಇನ್ನು ಮೇಷ್ಟ್ರು ಯಾಕೆ ಎಂಬ ಪ್ರಶ್ನೆ ಎದ್ದಿತು, ಪ್ರತಿ ಸಲವೂ ಟೀವಿ ಹಾಕಿ, ಆರಿಸಿ, "ಏನು ಅರ್ಥವಾಯ್ತು?" ಅಂತ ಕೇಳಲು ಮೇಷ್ಟ್ರೇ ಬೇಕಾದರು.

ಇದೆಲ್ಲದರ ತಿರುಳನ್ನು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲೇ ಹೇಳಿ ಜಗಳ ಹೊತ್ತಿಸಿದ್ದರು. ದಿನಸಿ ತರುವ ಲಾರಿ ಬದಲಾದರೆ ಊಟದ ಪೌಷ್ಟಿಕತೆ ಬದಲಾಗದು. ಮಾಧ್ಯಮವೂ ಅಂಥ ಲಾರಿ, ಕಲಿಕೆ ನಿಂತಿರುವುದು ಕಲಿಸುವ ಕ್ರಮದ ಮೇಲೆ ಎನ್ನುವುದು ಅವರ ವಾದ. ಹಾಗಲ್ಲ, ಕೆಲವು ಮಾಧ್ಯಮಗಳಿಗೆ ಮಾತ್ರ ಸಾಧ್ಯವಾಗುವ ಕೆಲಸಗಳಿವೆ, ಕ್ರಮದಿಂದ ಅವನ್ನು ಬೇರ್ಪಡಿಸಲಾಗದು ಅಂತ ಇನ್ನೊಬ್ಬ ಸಂಶೋಧಕ ರಾಬರ್ಟ್ ಕೋಜ್ಮಾ ತಿರುಗಿಬಿದ್ದರು. ನಮ್ಮ ಮೇಷ್ಟ್ರು ಈ ಇಬ್ಬರನ್ನೂ ಕ್ಲಾಸಿಗೆ ಕರೆತಂದರು. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎನ್ನುವ ಪಾಠಕ್ಕೆ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ತೆರೆದು, ಶೃಂಗ ಹಿಡಿದು ಎಳೆಯಲು ಒಬ್ಬ ಹುಡುಗಿಯನ್ನು ಕರೆದರು. ಹೇಗೆ ಎಳೆದರೂ, ತ್ರಿಭುಜ ಚಪ್ಪಟೆಯಾಗುವಷ್ಟು ಎಳೆದರೂ ಮೊತ್ತ ಅಲುಗಲಿಲ್ಲ. ಸೀಮೆಸುಣ್ಣದಿಂದ ಆಗದ ಕೆಲಸ ಅದು. "ಯಾಕೆ ಅಲುಗಲಿಲ್ಲ?" ಎಂಬ ಪ್ರಶ್ನೆ ಬಂದ ಕೂಡಲೇ ಪ್ರೊಜೆಕ್ಟರ್ ಆರಿಸಿ ಮತ್ತೆ ಸೀಮೆಸುಣ್ಣ ಹಿಡಿದರು, ಏಕೆಂದರೆ ಸಾಧನೆಯನ್ನು ಹೆಜ್ಜೆಹೆಜ್ಜೆಯಾಗಿ ಮಕ್ಕಳೇ ಬರೆಯಬೇಕು. ಯಾವುದನ್ನು ಯಾವಾಗ ಆರಿಸಬೇಕು ಅಂತ ಗೊತ್ತಾದದ್ದೇ ಅವರ ಓದಿನ ದೊಡ್ಡ ಲಾಭ ಅಂತ ನನ್ನ ತೀರ್ಮಾನ.

ಅವರನ್ನು ಪೂರ್ತಿ ತಣ್ಣಗಾಗಿಸಿದ್ದು ಮಾತ್ರ ಪಕ್ಕದ ಪ್ರಾಥಮಿಕ ಶಾಲೆಯ ಮೇಡಂ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವುದು, ಒಂದು ಹಂತ ದಾಟಿದರೇ ಮುಂದಿನದು ತೆರೆಯುವುದು, ಪ್ರಗತಿ ಮಗುವಿಗೇ ಕಾಣುವುದು, ಇದೇ ಮುಂದಿನ ಶತಮಾನದ ಶಿಕ್ಷಣ ಅಂತ ಮೇಷ್ಟ್ರು ಭಾಷಣ ಮಾಡುತ್ತಿದ್ದರು. ಮೇಡಂ ನಕ್ಕು, "ಇದು ನಮ್ಮ ನಲಿ-ಕಲಿ ಅಲ್ವಾ ಸಾರ್?" ಅಂದರು. ನಿಜವೇ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿಬಂದು ಕಟ್ಟಿದ್ದು ಅದು. ಕಾರ್ಡು, ಕಲಿಕಾ ಏಣಿ, ಮೈಲಿಗಲ್ಲು, ತಲೆಯ ಮೇಲೊಂದು ಚಪ್ಪರ. ಚಾರ್ಜಿಂಗೂ ಬೇಡ, ಪಾಸ್‌ವರ್ಡೂ ಬೇಡ. ಮೇಷ್ಟ್ರು ಆ ಸಂಜೆಯೇ ತಮ್ಮ ಪದವಿಯ ಪ್ರಾಜೆಕ್ಟಿನ ವಿಷಯ ಬದಲಿಸಿ, ನಲಿ-ಕಲಿ ಕ್ಲಾಸಿನ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂರಲು ಮೇಡಂ ಅಪ್ಪಣೆ ಕೇಳಿದರು. ಮೇಷ್ಟ್ರಾದವರು ಇನ್ನೊಬ್ಬರ ಕ್ಲಾಸಿನಲ್ಲಿ ಬಾಯಿ ಮುಚ್ಚಿ ಕೂರುವುದು ಎಷ್ಟು ದೊಡ್ಡ ಬೆಳವಣಿಗೆ ಅಂತ ಮೇಷ್ಟ್ರುಗಳಿಗೇ ಗೊತ್ತು.

ಈಗ ಪದವಿ ಮುಗಿದಿದೆ. ಮುಗಿದದ್ದೇ ಅನರ್ಥವಾಯಿತು. ಸ್ಟಾಕ್ ರಿಜಿಸ್ಟರಿನ ಭಯಕ್ಕೆ ಬೀಗದೊಳಗೆ ಕೂತು, ಆಯುಧಪೂಜೆಗೆ ಮಾತ್ರ ಕುಂಕುಮ ಹಚ್ಚಿಸಿಕೊಳ್ಳುವ ನಮ್ಮ ಕಂಪ್ಯೂಟರುಗಳು ಇದ್ದಕ್ಕಿದ್ದಂತೆ ಇವರ ಪಾಲಿಗೆ ಬಂದವು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಇವರು, ಇಲಾಖೆಯ ಎಸ್‌ಎಟಿಎಸ್ ಪೋರ್ಟಲ್ಲಿಗೆ ಮಕ್ಕಳ ಮಾಹಿತಿ ತುಂಬಲು ಇವರು, ಹೆಡ್‌ಮಾಸ್ಟರ ಮೊಬೈಲಿನ ಸದ್ದು ಅಡಗಿಸಲೂ ಇವರೇ. ಎರಡು ವರ್ಷ ನಿದ್ದೆಗೆಟ್ಟು ಓದಿದ್ದು ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದನ್ನು. ಸಿಕ್ಕ ಬಡ್ತಿ ಇದು.

ಆದ್ದರಿಂದ ಓದುಗರಲ್ಲಿ, ಅದರಲ್ಲೂ ಹೆಡ್‌ಮಾಸ್ಟರುಗಳಲ್ಲಿ ಒಂದು ವಿನಂತಿ. ನಿಮ್ಮ ಶಾಲೆಯಲ್ಲೂ ಇಂಥ ಮೇಷ್ಟ್ರೋ ಮೇಡಮ್ಮೋ ಇದ್ದರೆ ಬಾಯ್ತುಂಬ ಗೇಲಿ ಮಾಡಿ, ಅಡ್ಡಿಯಿಲ್ಲ. ಪ್ರಿಂಟರ್ ರಿಪೇರಿಗೆ ಮಾತ್ರ ಬೇರೆಯವರನ್ನು ಕರೆಸಿ. ಇವರನ್ನು ಕ್ಲಾಸಿಗೆ ಬಿಡಿ.