ಅಂಗುಷ್ಠ ಮೀಮಾಂಸೆ

ವಿದ್ಯೆ ದೇಹದ ಯಾವ ಅಂಗದಲ್ಲಿ ನೆಲೆಸಿದೆ ಎಂಬ ಜಿಜ್ಞಾಸೆ ಬಹು ಹಳೆಯದು. ನಾಲಿಗೆ ಎಂದವರುಂಟು, ಮಿದುಳು ಎಂದು ಮೋಸಹೋದವರೂ ಉಂಟು. ಅದು ಹೆಬ್ಬೆರಳಿನಲ್ಲಿದೆ ಎಂಬುದು ದ್ರೋಣಾಚಾರ್ಯರಿಗೆ ತಿಳಿದಿತ್ತು; ಇಲ್ಲದಿದ್ದರೆ ಏಕಲವ್ಯನಲ್ಲಿ ಅದನ್ನೇ ಏಕೆ ಕೇಳುತ್ತಿದ್ದರು? ಆದರೆ ಇದನ್ನು ತರಗತಿಯಲ್ಲಿ ಸಿದ್ಧಮಾಡಿ ತೋರಿಸಿದ ಕೀರ್ತಿ ನಾರ್ವೆಗೆ ಸಲ್ಲಬೇಕು. ಅಲ್ಲಿನ ಟ್ರಾಂಡ್‌ಹೈಮ್‌ನ ವಿಶ್ವವಿದ್ಯಾಲಯದಲ್ಲಿ ಪ್ರೊ. ಆಲ್ಫ್ ಇಂಗೆ ವಾಂಗ್ ನಡೆಸಿದ ಸಂಶೋಧನೆಯಿಂದ ಬೆಳೆದು 2013ರಲ್ಲಿ ಬಳಕೆಗೆ ಬಂದ ‘ಕಹೂಟ್’ ಎಂಬ ರಸಪ್ರಶ್ನೆ ಯಂತ್ರವನ್ನು ನೋಡಿ. ಪ್ರಶ್ನೆ ಗೋಡೆಯ ಪರದೆಯಲ್ಲಿ. ವಿದ್ಯಾರ್ಥಿಯ ಮೊಬೈಲಿನಲ್ಲಿ ಕೆಂಪು ತ್ರಿಕೋನ, ನೀಲಿ ವಜ್ರ, ಹಳದಿ ವೃತ್ತ, ಹಸಿರು ಚೌಕ. ಹಿನ್ನೆಲೆಯಲ್ಲಿ ಎದೆಬಡಿತ ಏರಿಸುವ ಸಂಗೀತ. ತಕ್ಷಣ ಒತ್ತಿದ ಸರಿಯುತ್ತರಕ್ಕೆ 1000 ಅಂಕ, ಯೋಚಿಸಿ ಕೊನೆಯ ಗಳಿಗೆಯಲ್ಲಿ ಒತ್ತಿದ ಅದೇ ಉತ್ತರಕ್ಕೆ ಸುಮಾರು 500. ಅಂದರೆ ಗಡಿಯಾರಕ್ಕೆ 20 ಸೆಕೆಂಡು ಕೊಟ್ಟರೆ ಅಷ್ಟರೊಳಗೆ ಸತ್ಯದ ಬೆಲೆ ಅರ್ಧಕ್ಕಿಳಿಯುತ್ತದೆ. ಟೊಮೆಟೊ ಕೂಡ ಇಷ್ಟು ಬೇಗ ಇಳಿಯದು.

ಇಲ್ಲಿ ಪೂರ್ವಪಕ್ಷದವರು ಮನೋವಿಜ್ಞಾನಿಗಳಾದ ರೋಡಿಗರ್–ಕಾರ್ಪಿಕೆ ಅವರ 2006ರ ಪ್ರಯೋಗವನ್ನು ಮುಂದೊಡ್ಡುತ್ತಾರೆ. ಐದು ನಿಮಿಷದ ಬಳಿಕ ಕೇಳಿದಾಗ ಪಾಠವನ್ನು ಮತ್ತೆ ಓದಿಕೊಂಡವರೇ ಮುಂದಿದ್ದರು. ವಾರದ ಬಳಿಕ ಕೇಳಿದಾಗ, ಓದಿದ್ದನ್ನು ನೆನೆದು ಬರೆದವರು ಅವರನ್ನು ಹಿಂದೆ ಹಾಕಿದ್ದರು. ಆದ್ದರಿಂದ ಫಲ ಕೊಡುವುದು ನೆನಪನ್ನು ಕೆದಕುವ ಕೆಲಸ, ಯಂತ್ರವಲ್ಲ ಎಂಬುದು ಅವರ ವಾದ. ಸಮಾಧಾನ ಸುಲಭ: ಕಹೂಟಿನ ವಿಜಯವೇದಿಕೆ ಪರದೆಯ ಮೇಲೆ ನಿಲ್ಲುವುದೇ ಒಂದೆರಡು ನಿಮಿಷ; ವಾರದ ಗೊಡವೆ ಯಾರಿಗೆ ಬೇಕು? ಹಾರ್ವರ್ಡಿನ ಎರಿಕ್ ಮಜೂರ್ 1990ರ ದಶಕದಿಂದ ಹೇಳುತ್ತಿರುವ ಪದ್ಧತಿಯಂತೂ ಇನ್ನೂ ಅಪಾಯಕರ. ಮೊದಲು ಉತ್ತರ ಆರಿಸಬೇಕಂತೆ, ಆಮೇಲೆ ಪಕ್ಕದವನೊಡನೆ ವಾದಿಸಬೇಕಂತೆ, ಮನಸ್ಸು ಬದಲಾದರೆ ಮತ್ತೆ ಆರಿಸಬೇಕಂತೆ! ಪಕ್ಕದವನನ್ನು ಕೇಳಿ ಉತ್ತರ ತಿದ್ದಿಕೊಳ್ಳುವುದಕ್ಕೆ ನಮ್ಮ ಪರೀಕ್ಷಾ ಕೊಠಡಿಗಳಲ್ಲಿ ಬೇರೆಯೇ ಹೆಸರಿದೆ. ಅದಕ್ಕಾಗಿ ಸ್ಕ್ವಾಡ್ ಬರುತ್ತದೆ.

ಕಹೂಟ್ ಆಟಕ್ಕೆ ಸೇರಲು ಬೇಕಾದ ಪಿನ್ ಸಂಖ್ಯೆ ವಾಟ್ಸಾಪಿನಲ್ಲಿ ಹೊರಟರೆ ಬಸ್ಸಿನಲ್ಲಿ ಕೂತವನೂ ಆಡಬಲ್ಲ ಎಂಬ ಆಕ್ಷೇಪವನ್ನು ಗಣನೆಗೆ ತೆಗೆದುಕೊಳ್ಳಬೇಕಿಲ್ಲ. ಹೆಬ್ಬೆರಳು ಹಾಜರಿದ್ದರೆ ಸಾಕು. ಉಳಿದದ್ದು ಒಂದೇ ತೊಡಕು, ನೆಟ್‌ವರ್ಕ್ ಕೈಕೊಟ್ಟರೆ ಗತಿ ಏನು ಎಂಬುದು. ಅಂಥ ವೇಳೆ ಕೆಲವು ಅಧ್ಯಾಪಕರು ಬಾಯಲ್ಲೇ ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೂ ಬಿಡದೆ ‘ಯಾಕೆ?’ ಎಂದು ಕೆಣಕುವುದುಂಟು. ಆ ‘ಯಾಕೆ’ಗೆ ನಾಲ್ಕು ಬಣ್ಣಗಳಲ್ಲಿ ಯಾವುದೂ ಹೊಂದದ ಕಾರಣ ಅದನ್ನು ಪಠ್ಯಕ್ರಮದಿಂದ ಕೈಬಿಡತಕ್ಕದ್ದು.